ಪೆಟ್ರೋಲಾದರೆ ಬಾಟಲಿಯಲ್ಲಿ ತರಬಹುದಿತ್ತು

ಎಲೆಕ್ಟ್ರಿಕ್ ಕಾರು ತಗೊಂಡು ಮೊದಲ ಸಲ ಕಿರಂಗೂರಿಗೆ ಹೋದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಒಂದ್ ಸಲ ಚಾರ್ಜ್ ಮಾಡುದ್ರೆ ಎಷ್ಟ್ ಓಡ್ತದೆ?" 300 ಕಿ.ಮೀ. ಅಂದೆ. ಕಂಪನಿಯವರು ಕೊಟ್ಟ ಪುಸ್ತಕದಲ್ಲಿ ಹಾಗೇ ಇತ್ತು. ಸಿಟಿಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಒಂದಿಷ್ಟು ಕರೆಂಟು ಬ್ಯಾಟರಿಗೆ ವಾಪಸ್ ಬರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬ್ರೇಕ್ ಒತ್ತೋದೇ ಅಪರೂಪ. ಮೇಲಾಗಿ ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಎಸಿ ಹಾಕಿ 100ರಲ್ಲಿ ಹೋದರೆ ನನ್ನ ಕಾರು 190 ಕೊಟ್ಟರೆ ಹೆಚ್ಚು.

ಇದೆಲ್ಲ ಲೆಕ್ಕ ಇಟ್ಟುಕೊಂಡೇ ಓಡಿಸುತ್ತಿದ್ದೆ. ಲೆಕ್ಕ ತಪ್ಪಿದ್ದು ಹೋದ ಬೇಸಿಗೆಯ ಒಂದು ಶುಕ್ರವಾರ. ಮದ್ದೂರಿನ ಹತ್ತಿರ ಚಾರ್ಜ್ ಹಾಕೋಣ ಅಂತ ಸರ್ವಿಸ್ ರಸ್ತೆಗೆ ಇಳಿದರೆ ಎರಡು ಕಾರು ಆಗಲೇ ಕಾಯುತ್ತಿದ್ದವು. ಒಂದೊಂದಕ್ಕೆ ಮುಕ್ಕಾಲು ಗಂಟೆ. ಅಮ್ಮ ಊಟಕ್ಕೆ ಕಾಯ್ತಿರ್ತಾಳೆ, ಮನೇಲೇ ಹಾಕ್ಕೊಂಡ್ರಾಯ್ತು ಅಂತ ಹೊರಟುಬಿಟ್ಟೆ. ಮನೆ ಮುಟ್ಟಿದಾಗ ಉಳಿದದ್ದು 9%. 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ಮಲಗಿದೆ. ಬಂಕಿನಲ್ಲಿ ಐದು ನಿಮಿಷದ ಕೆಲಸ, ಇದಕ್ಕೆ ಹತ್ತು ಗಂಟೆ. ಬೆಳಗ್ಗೆ ಹೊತ್ತಿಗೆ ಆಗಿರುತ್ತದಲ್ಲ ಬಿಡಿ.

ರಾತ್ರಿ ಎರಡಕ್ಕೆ ದೊಡ್ಡಮ್ಮ ಬಾಗಿಲು ತಟ್ಟಿದರು. ದೊಡ್ಡಪ್ಪನಿಗೆ ಎದೆನೋವು, ಮೈಯೆಲ್ಲ ಬೆವರು. 108ಕ್ಕೆ ಕಾಯುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಓಡಿಹೋಗಿ ಕಾರು ಆನ್ ಮಾಡಿದರೆ ಅದೇ 9%. ಚಾರ್ಜರಿನಲ್ಲಿ ಕೆಂಪು ದೀಪ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಚಾರ್ಜ್ ಮಾಡುವುದೇ ಇಲ್ಲ. ನಮ್ಮ ಮನೆಯ ಹಳೇ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿಹೋಗಿತ್ತು. ಫ್ರಿಜ್ಜು, ಮಿಕ್ಸಿ ಎಲ್ಲ ನಡೀತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೃದಯದ ಆಸ್ಪತ್ರೆ ಅಂದರೆ ಮೈಸೂರಿಗೇ ಹೋಗಬೇಕು, 20 ಕಿ.ಮೀ. ಕಾರು ತೋರಿಸುತ್ತಿದ್ದುದು 17. ಎಂಜಿನಿಯರಿಂಗ್ ಓದಿದ ತಲೆ ಆ ಮೂರು ಕಿಲೋಮೀಟರನ್ನೇ ಗುಣಿಸುತ್ತಾ ನಿಂತಿತ್ತು.

ಪಕ್ಕದ ಮನೆ ಅಣ್ಣ "ಲೇ, ಬಿಡ್ಲಾ ಅದ್ನ ಅತ್ಲಾಗೆ" ಅಂತ ತಮ್ಮ ಹಳೇ ಓಮ್ನಿ ತೆಗೆದರು. ಅದರಲ್ಲೂ ಪೆಟ್ರೋಲ್ ತಳ ಕಂಡಿತ್ತು. ಅಪ್ಪನ ಬೈಕಿನ ಪೆಟ್ರೋಲ್ ಪೈಪ್ ಕಿತ್ತು, ನೀರಿನ ಬಾಟಲಿಗೆ ಎರಡು ಲೀಟರ್ ಇಳಿಸಿ ಓಮ್ನಿಗೆ ಸುರಿದರು. ಅಷ್ಟೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ, ಎಂಜಿನ್ ಅದರ ಮುಕ್ಕಾಲು ಪಾಲನ್ನು ಬಿಸಿ ಮಾಡಿಯೇ ಹಾಳು ಮಾಡುತ್ತದೆ ಅಂತ ಇದೇ ಅಣ್ಣನ ಜೊತೆ ನಾನು ಎಷ್ಟು ವಾದ ಮಾಡಿದ್ದೆ! ಆ ರಾತ್ರಿ ಉಳಿದ ಕಾಲು ಪಾಲೇ ಸಾಕಾಯಿತು.

ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಈಗ ಗದ್ದೆ ಕಡೆ ಹೋಗಿಬರ್ತಾರೆ. ಕಾರು ಮಾರಲಿಲ್ಲ. ದಿನಾ ಆಫೀಸಿಗೆ ಓಡಾಡೋಕೆ ಅದರಷ್ಟು ಅಗ್ಗ ಇನ್ನೊಂದಿಲ್ಲ. ಆದರೆ ಹಳ್ಳಿಯಲ್ಲಿ, ಮನೆಗೆ ಇರೋದೇ ಒಂದು ಕಾರು ಅನ್ನೋರು ಕೇಳಿದರೆ ಮೊದಲಿನ ಹಾಗೆ "ತಗೊಳ್ಳಿ" ಅನ್ನಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ ಅಂತೀನಿ. ನಮ್ಮ ಮನೇಲಿ ಇದ್ದಿಲು, ಉಪ್ಪು ಹಾಕಿಸಿ ಹೊಸ ಗುಂಡಿ ತೋಡಿಸಿದ್ದೀವಿ. ತೆಂಗಿನ ಸಸಿಗೆ ಹಾಕೋ ಹಾಗೆ ಅದಕ್ಕೂ ಒಂದು ಬಿಂದಿಗೆ ನೀರು ಹುಯ್ಯೋ ಕೆಲಸವನ್ನು ದೊಡ್ಡಪ್ಪನೇ ವಹಿಸಿಕೊಂಡಿದ್ದಾರೆ.