ಪ್ಲಾಸ್ಟಿಕ್ಕಿಗೂ ನೆನಪಿರುತ್ತದೆಯೇ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ಊರಿನ ಯಕ್ಷಗಾನ ಬಯಲಾಟದ ರೆಕಾರ್ಡಿಂಗ್ ಇದ್ದ ಪೆನ್‌ಡ್ರೈವನ್ನು ಹತ್ತು ವರ್ಷ ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೆ. ಈಗ ಕಂಪ್ಯೂಟರಿಗೆ ಹಾಕಿದರೆ ಅರ್ಧ ಫೈಲುಗಳು ತೆರೆಯುವುದಿಲ್ಲ. ಮುಟ್ಟದೇ ಇಟ್ಟ ವಸ್ತು ಕೆಡುವುದು ಹೇಗೆ?"

ಕೆಡುತ್ತದೆ ಸ್ವಾಮಿ. ಪೆನ್‌ಡ್ರೈವಿನೊಳಗಿನ ಫ್ಲ್ಯಾಶ್ ಮೆಮೊರಿ ಎಂದರೆ ಕೋಟ್ಯಂತರ ಪುಟ್ಟ ಕೋಣೆಗಳು. ಒಂದೊಂದರಲ್ಲೂ ಒಂದಿಷ್ಟು ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ಗೋಡೆ ತೀರಾ ತೆಳು. ಅವು ನಿಧಾನವಾಗಿ ಸೋರುತ್ತವೆ, ಸೆಕೆಗೆ ಇನ್ನೂ ಬೇಗ. ಹತ್ತು ವರ್ಷ ಎಂಬುದು ಹೊಸ ಚಿಪ್ಪಿನ ಲೆಕ್ಕ. ಬರೆದು ಅಳಿಸಿ ಸವೆದಿದ್ದರೆ ಅಷ್ಟೂ ಇಲ್ಲ.

ಹಾಗಾದರೆ ವಿದ್ಯುತ್ತನ್ನು ಕೂಡಿಡದೆ ನೆನಪಿಡುವ ದಾರಿ ಇದೆಯೇ? ಇದೆ. ವಸ್ತುವಿನ ರೋಧವನ್ನೇ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನೇ ಬದಲಿಸುವುದು. ಸಲೀಸಾಗಿ ಹರಿದರೆ ಒಂದು, ತಡೆದರೆ ಸೊನ್ನೆ. ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಳ್ಳುವ ರೋಧಕ್ಕೆ ಲಿಯಾನ್ ಚುವಾ 1971ರಲ್ಲೇ ಮೆಮ್ರಿಸ್ಟರ್ ಎಂದು ಹೆಸರಿಟ್ಟಿದ್ದರು. 2008ರಲ್ಲಿ ಸ್ಟ್ಯಾನ್ಲಿ ವಿಲಿಯಮ್ಸ್ ಅವರ ಎಚ್‌ಪಿ ತಂಡ ಟೈಟಾನಿಯಂ ಡೈಆಕ್ಸೈಡಿನಲ್ಲಿ ಅದನ್ನು ತೋರಿಸಿತು.

ಅದೇ ವರ್ಷ ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಕಮಲ್ ಅಸದಿ ಮತ್ತು ಸಂಗಡಿಗರು ಮಾಡಿದ ಕೆಲಸ ನನಗೆ ಇನ್ನೂ ಇಷ್ಟ. ಅವರ ಕೈಯಲ್ಲಿದ್ದದ್ದು ಎರಡು ಪ್ಲಾಸ್ಟಿಕ್ಕುಗಳು. ಒಂದು ಪಿವಿಡಿಎಫ್ ಕುಟುಂಬದ್ದು. ಇದೇ ಕುಟುಂಬದ ಪ್ಲಾಸ್ಟಿಕ್ಕಿನಿಂದ ಗಾಳದ ದಾರವನ್ನೂ ನೀರು ಸೋಸುವ ಪೊರೆಯನ್ನೂ ಮಾಡುತ್ತಾರೆ. ಜೋರಾಗಿ ವೋಲ್ಟೇಜ್ ಕೊಟ್ಟರೆ ಅದರ ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ, ಕರೆಂಟ್ ಹೋದರೂ ಹಾಗೇ ಇರುತ್ತವೆ. ನೆನಪೇನೋ ಗಟ್ಟಿ. ಆದರೆ ಬರಿಯ ಈ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದು. ಅಣು ಯಾವ ಕಡೆ ನೋಡುತ್ತಿದೆ ಎಂದು ತಿಳಿಯಲು ಮತ್ತೆ ತಿರುಗಿಸಿಯೇ ನೋಡಬೇಕು. ಓದಿದ ಕೂಡಲೇ ಬರೆದದ್ದು ಅಳಿಸಿಹೋಗುತ್ತದೆ. ಇನ್ನೊಂದು ಪ್ಲಾಸ್ಟಿಕ್ ಪಿ3ಎಚ್‌ಟಿ, ವಿದ್ಯುತ್ ಸಾಗಿಸುವಂಥದ್ದು. ಅದಕ್ಕೆ ನೆನಪೇ ಇಲ್ಲ. ಒಂದು ಕುರುಡು, ಒಂದು ಕುಂಟು ಎನ್ನಿ.

ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ ತೆಳ್ಳಗೆ ಬಳಿದು ಒಣಗಿಸಿದರು. ಒಣಗುವಾಗ ಅವು ಬೆರೆಯದೆ ಬೇರೆಬೇರೆಯಾಗಿ ಹೆಪ್ಪುಗಟ್ಟುತ್ತವೆ. ಗಿರ್ಗಾಂವಿನ ಹಳೆಯ ಕಟ್ಟಡಗಳ ಮೊಸಾಯಿಕ್ ನೆಲ ನೋಡಿದ್ದೀರಲ್ಲ, ಸಿಮೆಂಟಿನ ನಡುವೆ ಬಣ್ಣದ ಕಲ್ಲಿನ ಚೂರುಗಳು? ಹಾಗೆ. ನೆನಪಿನ ಪ್ಲಾಸ್ಟಿಕ್ಕಿನ ನಡುವೆ ವಿದ್ಯುತ್ ಹರಿಯುವ ಕಂಬಗಳು. ಸುತ್ತಲಿನ ಅಣುಗಳು ಒಂದು ದಿಕ್ಕಿಗೆ ತಿರುಗಿದರೆ ಲೋಹದಿಂದ ಕಂಬದೊಳಗೆ ವಿದ್ಯುತ್ ಸುಲಭವಾಗಿ ಇಳಿಯುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ಬಾಗಿಲಲ್ಲೇ ತಡೆ. ಓದಲು ಸಣ್ಣ ವೋಲ್ಟೇಜ್ ಸಾಕು, ಬರೆದದ್ದಕ್ಕೆ ಧಕ್ಕೆಯಿಲ್ಲ. ಬೆರೆತು ಏಕವಾಗಲಿಲ್ಲ ಎಂಬುದೇ ಇಲ್ಲಿ ಉಪಕಾರವಾಯಿತು. (ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಹಾಗೆಂದು ನಾಳೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೇಳಲು ಹೋಗಬೇಡಿ. ಪದರ ದಪ್ಪವಾದಷ್ಟೂ ಬರೆಯಲು ವೋಲ್ಟೇಜ್ ಹೆಚ್ಚು ಬೇಕು, ತೆಳುವಾಗಿಸಿದರೆ ಸಮನಾಗಿ ಕೂರುವುದಿಲ್ಲ. ವಿದ್ಯುತ್ ಸಾಗಿಸುವ ಪ್ಲಾಸ್ಟಿಕ್ಕುಗಳಿಗೆ ತೇವ, ಗಾಳಿ ಎರಡೂ ಆಗದು. ನಮ್ಮ ಜುಲೈ ತಿಂಗಳಲ್ಲಿ ಹಪ್ಪಳವೇ ನಿಲ್ಲುವುದಿಲ್ಲ! ಅಂಗೈಯಗಲದಲ್ಲಿ ಸಾವಿರಾರು ಹಾಡು ತುಂಬುವ ಸಾಮರ್ಥ್ಯದಲ್ಲಿ ಇದು ಸಿಲಿಕಾನನ್ನು ಸೋಲಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಔಷಧಿ ಪೊಟ್ಟಣದ ಮೇಲೆ ಶಾಯಿಯಂತೆ ಅಚ್ಚುಹಾಕುವ ಅಗ್ಗದ ಗುರುತುಚೀಟಿಗೆ ಇದರಿಂದ ಪ್ರಯೋಜನವಾದೀತು.

ನಮ್ಮಲ್ಲೇನಾಗಿದೆ? ಪವಾಯಿಯ ಐಐಟಿಯಲ್ಲಿ ಉದಯನ್ ಗಂಗೂಲಿ ಅವರ ತಂಡ ಮೊಹಾಲಿಯ ಸರಕಾರಿ ಚಿಪ್ ಕಾರ್ಖಾನೆಯೊಡನೆ ಸೇರಿ ಒಮ್ಮೆ ಬರೆದರೆ ಅಳಿಸಲಾಗದ 8 ಬಿಟ್ ಮೆಮೊರಿಯನ್ನು 2021ರಲ್ಲಿ ತಂದಿತು. ಅದು ಪ್ಲಾಸ್ಟಿಕ್ ಅಲ್ಲ, ಕೆಲವೇ ಪರಮಾಣುಗಳಷ್ಟು ತೆಳುವಾದ ಸಿಲಿಕಾ ಪದರ. ಪ್ಲಾಸ್ಟಿಕ್ಕಿಗೆ ಹತ್ತಿರದ ನೆಂಟನೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀತೋಷ್ ಗೋಸ್ವಾಮಿ, ನವಕಾಂತ ಭಟ್ ಮೊದಲಾದವರು ಮಾಡಿದ ಅಣುಪದರ. ರುಥೇನಿಯಂ ಲೋಹಕ್ಕೆ ಸಾವಯವ ಅಣುಗಳನ್ನು ಕಟ್ಟಿದ ಈ ಪದರದಲ್ಲಿ ಬರಿ ಎರಡಲ್ಲ, 16,500 ಸ್ಥಿತಿಗಳನ್ನು ಬೇರೆಬೇರೆಯಾಗಿ ಗುರುತಿಸಬಹುದೆಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮಾಹಿತಿ ಇಟ್ಟ ಜಾಗದಲ್ಲೇ ಲೆಕ್ಕವನ್ನೂ ಮಾಡಿ, ಎಐ ಕಂಪ್ಯೂಟರುಗಳ ಕರೆಂಟ್ ಬಿಲ್ಲು ಇಳಿಸುವುದು ಅವರ ಗುರಿ. ಅಜ್ಜನ ತಾಳಮದ್ದಳೆಯನ್ನು ಉಳಿಸುವುದಲ್ಲ.

ಆದ್ದರಿಂದ ಡೊಂಬಿವಲಿಯವರೇ, ಆ ಪೆನ್‌ಡ್ರೈವಿಗೆ ಇನ್ನು ಹೊಸತೇನನ್ನೂ ಬರೆಯಬೇಡಿ. ತೆರೆಯುವ ಫೈಲುಗಳನ್ನು ಈ ಭಾನುವಾರವೇ ಹಾರ್ಡ್‌ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಹೋದ ಅರ್ಧಕ್ಕೆ ಊರಿಗೊಂದು ಫೋನ್ ಮಾಡಿ. ಆ ರಾತ್ರಿ ಆಟ ರೆಕಾರ್ಡ್ ಮಾಡಿದವರು ನೀವೊಬ್ಬರೇ ಆಗಿರಲಿಕ್ಕಿಲ್ಲ.