‘ಸಂಸದರ ಪತ್ನಿ’ ಎಂಬ ವಿಶೇಷಣ: ವಯೊಲೆಟ್ ಆಳ್ವ ಅವರ ನೆನಪಿನಲ್ಲಿ

ಕಾರವಾರ, ಅಂಕೋಲೆಗಳ ಮತದಾರರು 1952, 1957 ಮತ್ತು 1962ರ ಚುನಾವಣೆಗಳಲ್ಲಿ ಜೋಕಿಂ ಆಳ್ವ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಉಡುಪಿ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ವಕೀಲರೂ ಪತ್ರಕರ್ತರೂ ಆಗಿ ಬೆಳೆದ ಆಳ್ವರು ಮೂರು ಅವಧಿಗೆ ಕೆನರಾ ಕ್ಷೇತ್ರದ ಪ್ರತಿನಿಧಿಯಾಗಿದ್ದುದನ್ನು ಜಿಲ್ಲೆಯ ರಾಜಕೀಯ ಚರಿತ್ರೆಯನ್ನು ಬಲ್ಲವರು ನೆನೆಯುತ್ತಾರೆ. ಅದೇ ಮಾತಿನ ಬಾಲದಲ್ಲಿ ‘ಅವರ ಪತ್ನಿ ವಯೊಲೆಟ್ ಅವರೂ ಸಂಸದೆಯಾಗಿದ್ದರು’ ಎಂಬ ಒಂದು ವಾಕ್ಯ ಬರುತ್ತದೆ. ನನ್ನ ಆಕ್ಷೇಪವಿರುವುದು ಆ ‘ಊ’ಕಾರಕ್ಕೆ. ಗಂಡನ ಹೆಸರನ್ನು ಹಿಡಿದೇ ಹೆಣ್ಣನ್ನು ಗುರುತಿಸುವ ರೂಢಿಯನ್ನು ಶಾಸನಗಳನ್ನು ಓದುವವರು ಬಲ್ಲರು. ಆದರೆ ಇಪ್ಪತ್ತನೆಯ ಶತಮಾನದ ಒಬ್ಬ ಲೇಖಕಿ-ನ್ಯಾಯವಾದಿಗೂ ಅದೇ ಅಳತೆಗೋಲು ಸಾಕೆ?

ವಯೊಲೆಟ್ ಹರಿ ಹುಟ್ಟಿದ್ದು 1908ರ ಏಪ್ರಿಲ್ 24ರಂದು, ಅಹಮದಾಬಾದಿನಲ್ಲಿ. ತಂದೆ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಎಂಟನೆಯವರಾದ ಈಕೆ ಹದಿನಾರನೆಯ ವಯಸ್ಸಿಗೆ ತಾಯಿತಂದೆಯರಿಬ್ಬರನ್ನೂ ಕಳೆದುಕೊಂಡರು. ಹಿರಿಯ ಒಡಹುಟ್ಟಿದವರ ಆಸರೆಯಲ್ಲಿ ಮುಂಬಯಿಯಲ್ಲಿ ಓದು ಮುಂದುವರಿಯಿತು: ಸೇಂಟ್ ಝೇವಿಯರ್ ಕಾಲೇಜು, ಬಳಿಕ ಸರ್ಕಾರಿ ಕಾನೂನು ಕಾಲೇಜು. ಕೆಲಕಾಲ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದರು. 1937ರಲ್ಲಿ ಜೋಕಿಂ ಅವರೊಡನೆ ವಿವಾಹ. ಗಂಡಹೆಂಡಿರಿಬ್ಬರೂ ಜೊತೆಯಾಗಿ ವಕೀಲಿ ವೃತ್ತಿ ನಡೆಸಿದರು. 1943ರಲ್ಲಿ ಜೋಕಿಂ ‘ಫೋರಂ’ ವಾರಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ವಯೊಲೆಟ್ ಬಂಧನಕ್ಕೊಳಗಾದರು. ಐದು ತಿಂಗಳ ಹಸುಗೂಸನ್ನು ಎತ್ತಿಕೊಂಡೇ ಅವರು ಆರ್ಥರ್ ರೋಡ್ ಸೆರೆಮನೆಯನ್ನು ಹೊಕ್ಕರು.

ಸೆರೆಯಿಂದ ಬಂದ ಮೇಲಿನ ವರ್ಷವನ್ನು ನೋಡಬೇಕು. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದ ಮಂಡಿಸಿದ ದೇಶದ ಮೊದಲ ಮಹಿಳಾ ವಕೀಲೆ ಎನಿಸಿದರು. ಆ ವರ್ಷವೇ ‘ದಿ ಬೇಗಂ’ ಎಂಬ ಮಹಿಳಾ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅದರ ಹೆಸರು ‘ಇಂಡಿಯನ್ ವಿಮೆನ್’ ಎಂದಾಯಿತು. ಮನೆಯಲ್ಲಿ ಗಂಡನ ಪತ್ರಿಕೆಯೊಂದಿರುವಾಗ ಅದರದೇ ಒಂದು ಮಹಿಳಾ ಪುಟದಿಂದ ತೃಪ್ತರಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1952ರಲ್ಲಿ ಅಖಿಲ ಭಾರತ ಪತ್ರಿಕಾ ಸಂಪಾದಕರ ಸಮ್ಮೇಳನದ ಸ್ಥಾಯೀ ಸಮಿತಿಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ಇದು ಸಂಸದರ ಪತ್ನಿಗೆ ಸಂದ ಗೌರವವಲ್ಲ, ಸಂಪಾದಕಿಗೆ ಸಂದದ್ದು.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರುವುದು ಪದವಿಗಳಲ್ಲ, 1948ರಿಂದ 1954ರವರೆಗೆ ಬಾಲನ್ಯಾಯಾಲಯದ ಅಧ್ಯಕ್ಷೆಯಾಗಿ ಕುಳಿತ ಆರು ವರ್ಷಗಳು. ದೇಶವಿಭಜನೆಯ ಮರುವರ್ಷದ ಮುಂಬಯಿಯದು. ನಿರಾಶ್ರಿತರು ಬಂದು ತುಂಬಿದ್ದ ನಗರ. ಮತವಿಲ್ಲದ, ಸಂಘವಿಲ್ಲದ, ತನ್ನ ಪರವಾಗಿ ತಾನೇ ಮಾತನಾಡಲಾರದ ಮಗುವಿನ ಮುಂದೆ ಕುಳಿತು, ಅದನ್ನು ಅಪರಾಧಿಯೆಂದು ನೋಡಬೇಕೋ ಆಸರೆ ತಪ್ಪಿದ ಜೀವವೆಂದು ನೋಡಬೇಕೋ ಎಂದು ನಿರ್ಧರಿಸುವ ಕೆಲಸ ಅದು. ಹದಿನಾರಕ್ಕೇ ಅನಾಥೆಯಾದವರು ಆ ಪೀಠದಲ್ಲಿದ್ದರೆಂಬುದನ್ನು ಕೇವಲ ಆಕಸ್ಮಿಕವೆನ್ನಲು ಮನಸ್ಸೊಪ್ಪದು. ದುರ್ಬಲರ ಪರವಾದ ವಕಾಲತ್ತು ವೇದಿಕೆಯ ಭಾಷಣದಿಂದ ಹುಟ್ಟುವುದಕ್ಕಿಂತ ಇಂಥ ದಿನನಿತ್ಯದ, ಹೆಸರು ತಾರದ ದುಡಿಮೆಯಿಂದಲೇ ಹೆಚ್ಚಾಗಿ ಹುಟ್ಟುತ್ತದೆ. ನಮ್ಮ ಚರಿತ್ರಕಾರರು ಮಾತ್ರ ಈ ಆರು ವರ್ಷಗಳನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತಾರೆ!

ರಾಜ್ಯಸಭೆಗೆ ಅವರು 1952ರಲ್ಲಿ ಮುಂಬಯಿ ರಾಜ್ಯದಿಂದ ಬಂದರು. ಆಗ ಉತ್ತರ ಕನ್ನಡವೂ ಆ ರಾಜ್ಯದ ಭಾಗವೇ ಆಗಿದ್ದುದರಿಂದ ಕಾರವಾರಕ್ಕೆ ಅವರು ಪರಕೀಯರೇನಲ್ಲ. 1960ರಿಂದ ಮೈಸೂರು ರಾಜ್ಯದ ಪ್ರತಿನಿಧಿಯಾದರು. 1957ರ ಚುನಾವಣೆಯ ತರುವಾಯ ಕೇಂದ್ರದಲ್ಲಿ ಗೃಹಖಾತೆಯ ಉಪಮಂತ್ರಿ. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ. ಆ ಪೀಠವನ್ನೇರಿದ ಮೊದಲ ಮಹಿಳೆ.

ಇಲ್ಲೊಂದು ಹೋಲಿಕೆ ಅಗತ್ಯ. 1967ರಲ್ಲಿ ಇದೇ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದವರು ಅಂಕೋಲೆಯ ದಿನಕರ ದೇಸಾಯಿ. ಅವರೂ ಮುಂಬಯಿಯಲ್ಲಿ ದುಡಿದವರು, ಅವರೂ ಲೇಖಕರು. ಆದರೆ ಅವರ ಚುಟುಕಗಳು ಜನರ ನಾಲಗೆಯ ಮೇಲಿವೆ, ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಕಣ್ಣೆದುರಿಗಿವೆ. ಕನ್ನಡದಲ್ಲಿ ಬರೆದವರನ್ನು ಕನ್ನಡ ನಾಡು ಉಳಿಸಿಕೊಂಡಿತು. ಅದು ಸಹಜವೂ ನ್ಯಾಯವೂ ಹೌದು. ಇಂಗ್ಲಿಷಿನಲ್ಲಿ ಬರೆದು, ದೂರದ ದಿಲ್ಲಿಯಲ್ಲಿ ನಮ್ಮ ರಾಜ್ಯದ ಹೆಸರಿನಲ್ಲಿ ಮಾತನಾಡಿದವರಿಗೆ ಆ ಭಾಗ್ಯವಿಲ್ಲವಾಯಿತು. ಸೊಸೆ ಮಾರ್ಗರೆಟ್ ಆಳ್ವ 1999ರಲ್ಲಿ ಇದೇ ಕ್ಷೇತ್ರದಿಂದ ಗೆದ್ದಾಗ ಅತ್ತೆಮಾವಂದಿರ ಹೆಸರು ಮತ್ತೆ ಕೇಳಿಬಂದಿತಾದರೂ ಅದು ಮನೆತನದ ರಾಜಕಾರಣದ ಮಾತಾಯಿತೇ ಹೊರತು ವಯೊಲೆಟ್ ಅವರ ಕೃತಿಯ ಮಾತಾಗಲಿಲ್ಲ.

1969ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಪ್ರಧಾನಿ ಇಂದಿರಾ ಗಾಂಧಿ ಅವರ ಬೆಂಬಲ ದೊರೆಯದೆ ಹೋದ ಮೇಲೆ, ನವೆಂಬರಿನಲ್ಲಿ ಅವರು ಉಪಸಭಾಪತಿ ಹುದ್ದೆಯನ್ನು ತೊರೆದರು. ನವೆಂಬರ್ 20ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಜೋಕಿಂ ಅವರು ನಾಮಕರಣಗೊಂಡ ಸದಸ್ಯರಾಗಿ ಅದೇ ರಾಜ್ಯಸಭೆಯಲ್ಲಿದ್ದರು.

2008ರಲ್ಲಿ ಅಂಚೆ ಇಲಾಖೆ ಇಬ್ಬರ ಸ್ಮರಣಾರ್ಥ ಚೀಟಿ ಹೊರಡಿಸಿತು. ದಂಪತಿಗಳಾಗಿ ಅವರನ್ನು ನೆನೆಯುವುದರಲ್ಲಿ ತಪ್ಪಿಲ್ಲ. ಒಬ್ಬರ ಲೇಖನಿಯಿಲ್ಲದೆ ಇನ್ನೊಬ್ಬರದು ಹಾಗೆ ನಡೆಯುತ್ತಿರಲಿಲ್ಲವೇನೋ. ಆದರೆ ವಯೊಲೆಟ್ ಅವರ ಹದಿನೇಳು ವರ್ಷಗಳ ಮಾತುಗಳು ರಾಜ್ಯಸಭೆಯ ಮುದ್ರಿತ ಕಲಾಪಗಳಲ್ಲಿ ಕುಳಿತಿವೆ. ಅವುಗಳಿಂದ ಆಯ್ದ ಒಂದು ಸಂಪುಟವನ್ನು, ‘ಬೇಗಂ’ ಪತ್ರಿಕೆಯ ಸಂಪಾದಕೀಯಗಳೊಡನೆ, ಕನ್ನಡಕ್ಕೆ ತರಬೇಕು. ಆ ಕೆಲಸ ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ಆದರೆ ಒಳಿತು. ಸಂಪುಟದ ಮುಖಪುಟದಲ್ಲಿ ಒಂದೇ ಹೆಸರಿರಲಿ.