ಮುಂಬಯಿಯಲ್ಲಿ ಒಂದು ರೊಟ್ಟಿ

ಊರಿನಿಂದ ಯಾರೇ ಬರಲಿ, ಕೈಚೀಲ ಕೆಳಗಿಡುವ ಮೊದಲೇ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಊಟಕ್ಕ ಚಲೋ ಎಲ್ಲಿ ಸಿಗತೈತಿ?" ಸಮುದ್ರ ನೋಡುವುದು ಆಮೇಲೆ, ರಾಣಿಯ ಬಾಗ ಆಮೇಲೆ. ಸಯನ್ನಿನಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾದ ಈ ಕಾರಕೂನ, ಫೈಲಿನ ನಂಬರು ಹೇಳುವಷ್ಟೇ ಸರಾಗವಾಗಿ ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ. ಕಳೆದ ಮಾಘಮಾಸದಲ್ಲಿ ಆ ಉತ್ತರ ನನಗೇ ಕೈಕೊಟ್ಟಿತು. ಈ ಸಲ ಅದನ್ನೇ ಹೇಳಿಬಿಡುತ್ತೇನೆ. ಓದುಗರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ನನ್ನ ಹಳೆಯ ಉತ್ತರ. ಸಯನ್ನಿಗೆ ಮರಾಠಿಯಲ್ಲಿ 'ಶೀವ್' ಎನ್ನುತ್ತಾರೆ. ಎಲ್ಲೆ ಎಂದು ಅದರ ಅರ್ಥ. ಹಿಂದೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು, ಆಚೆಗೆ ಸಾಷ್ಟಿ ಶುರುವಾಗುತ್ತಿತ್ತು. ಎಲ್ಲೆಯ ಈ ಊರಿನಿಂದ ದಕ್ಷಿಣಕ್ಕೆ ನಡೆದುಹೋದರೆ ಮಾಟುಂಗ. ಹೆಸರು ಮಹೇಶ್ವರಿ ಉದ್ಯಾನವೆಂದು ಬದಲಾದರೂ ಜನ ಇನ್ನೂ ಕಿಂಗ್ಸ್ ಸರ್ಕಲ್ ಎಂದೇ ಕರೆಯುವ ಆ ವರ್ತುಲದ ಸುತ್ತಮುತ್ತ ನಮ್ಮ ಕಡೆಯ ತಿಂಡಿಯ ಪರಿಮಳ ಬೆಳಗ್ಗೆ ಆರಕ್ಕೇ ಬೀದಿಗೆ ಬರುತ್ತದೆ. ರಾಮಾಶ್ರಯ 1939ರದು, ಕಫೆ ಮದ್ರಾಸ್ 1940ರದು, ಮಾಟುಂಗ ಸ್ಟೇಶನ್ನಿನ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮೇಲೆ ಊಟ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ನೂ ಅದೇ ಮಾಟುಂಗದಲ್ಲಿದೆ. ಹೀಗೆ ಕನ್ನಡಿಗನ ಹೊಟ್ಟೆಗೂ ಕಿವಿಗೂ ಒಂದೇ ಪೇಟೆಯಲ್ಲಿ ವ್ಯವಸ್ಥೆಯಾಗಿದೆ.

ಉಡುಪಿ ಹೊಟೇಲು ಮುಂಬಯಿಯನ್ನು ಗೆದ್ದುಕೊಂಡದ್ದು ಬರಿಯ ರುಚಿಯಿಂದಲ್ಲ ಎಂದು ನನಗನಿಸುತ್ತದೆ. ಅದರ ಅಡಿಗೆಯ ಲೆಕ್ಕಾಚಾರವೇ ಪಟ್ಟಣಕ್ಕೆ ಒಪ್ಪುವಂಥದು. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ರಾತ್ರಿ ತನ್ನಷ್ಟಕ್ಕೆ ತಾನೇ ಹುಳಿ ಬರುತ್ತದೆ. ಬೆಳಗ್ಗೆ ಅದೇ ಹಿಟ್ಟಿನಿಂದ ನೂರು ದೋಸೆ ಎರೆಯಬಹುದು, ಐನೂರು ಇಡ್ಲಿ ಬೇಯಿಸಬಹುದು. ಗಿರಾಕಿ ಕುಳಿತ ಐದು ನಿಮಿಷಕ್ಕೆ ತಾಟು ಮುಂದೆ ಬಂತು. ಹದಿನೈದು ನಿಮಿಷಕ್ಕೆ ಆತ ಎದ್ದು ಲೋಕಲ್ ಹಿಡಿದ. ಒಂದೇ ಮೇಜಿಗೆ ಬೆಳಗಿನಲ್ಲಿ ಹತ್ತು ಜನ. ಗಡಿಯಾರದ ಊರಿಗೆ ಇದಕ್ಕಿಂತ ತಕ್ಕ ಅಡಿಗೆ ಉಂಟೆ?

ಆದರೆ ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನಮ್ಮ ಜಿಲ್ಲೆ 1956ರ ನವೆಂಬರ 1ರ ತನಕ ಮುಂಬಯಿ ರಾಜ್ಯದಲ್ಲಿಯೇ ಇತ್ತು. ನಮ್ಮಜ್ಜನಿಗೆ ಮುಂಬಯಿಯೇ ರಾಜಧಾನಿ. ಹಾಗಿದ್ದೂ ಮುಂಬಯಿಯವರು 'ಕನ್ನಡದವರ ಊಟ' ಎಂದಾಗ ಇಡ್ಲಿ-ದೋಸೆಯನ್ನು ನೆನೆಯುತ್ತಾರೆಯೇ ಹೊರತು ಜೋಳದ ರೊಟ್ಟಿಯನ್ನಲ್ಲ. ನನಗೆ ಅದರಿಂದ ಎಂದೂ ಬೇಸರವಾಗಿರಲಿಲ್ಲ. ದೋಸೆಗೆ ನಾಲಗೆ ಒಗ್ಗಿಹೋಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಬಂದರು. ಎರಡೂ ಕಣ್ಣಿಗೆ ಪೊರೆ. ಇಲ್ಲಿ ತೋರಿಸಿದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರೆ ಹೆಚ್ಚಿದೆ. ಮಾತ್ರೆ ಕೊಡುತ್ತೇನೆ, ಅದು ಹಿಡಿತಕ್ಕೆ ಬರಲಿ, ಆಮೇಲೆ ಶಸ್ತ್ರಕ್ರಿಯೆ. ಆದರೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು" ಎಂದರು. ಅಂದರೆ ಒಂದು ತಿಂಗಳಾದರೂ ಅಪ್ಪ ನಮ್ಮಲ್ಲಿ ಇರಬೇಕಾಯಿತು. ಅವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ಅಪ್ಪ ನಮ್ಮ ಬಳಿ ಬಂದಿರಲಿ ಎಂದು ನನಗೂ ಆಸೆ.

ಅಪ್ಪ ಉಣ್ಣಲಿಲ್ಲ. ಅನ್ನ ಕಲಸಿ ನಾಲ್ಕು ತುತ್ತು. ಚಪಾತಿ ಮುರಿದು ಅರ್ಧ. ನನ್ನ ಹೆಂಡತಿ ತುಮಕೂರಿನ ಕಡೆಯವಳು, ಮುದ್ದೆಯ ಸೀಮೆ. ಪಾಪ, ಅಂಗಡಿಯ ಪೊಟ್ಟಣದ ಜೋಳದ ಹಿಟ್ಟು ತಂದು ರೊಟ್ಟಿ ಬಡಿಯಲು ನೋಡಿದಳು. ಅದು ಹಂಚಿಗೆ ಬೀಳುವ ಮೊದಲೇ ನಾಲ್ಕು ತಾಲೂಕಾಗಿ ಒಡೆಯಿತು. "ಇರಲಿ ಬಿಡವ್ವಾ, ನಿನಗ್ಯಾಕ ತ್ರಾಸು" ಎಂದು ಅಪ್ಪ ಆ ಚೂರುಗಳನ್ನೇ ಮಜ್ಜಿಗೆಯಲ್ಲಿ ಅದ್ದಿ ತಿಂದರು.

ನಾನು ಹೊಟೇಲಿನ ಮನುಷ್ಯ. ರವಿವಾರ ಅಪ್ಪನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಒಂದು ಹೆಸರುವಾಸಿ ಹೊಟೇಲಿಗೆ ಹೋದೆ. ಬಾಗಿಲಲ್ಲಿ ಹೆಸರು ಬರೆಸಿ ಮುಕ್ಕಾಲು ತಾಸು ಕಾದೆವು. ತಾಟು ಬಂತು. ಅಪ್ಪ ದೋಸೆಯ ಒಂದು ಅಂಚು ಮುರಿದು ಬಾಯಿಗಿಟ್ಟು, "ರುಚಿ ಐತಿ ತಮ್ಮಾ. ಆದರ ಇದು ನಾಷ್ಟಾ. ಊಟ ಎಲ್ಲೈತಿ?" ಎಂದರು. ಅಡಿಗೆಯಲ್ಲಿ ಕೊರತೆಯಿರಲಿಲ್ಲ. ನನ್ನಲ್ಲಿ ಸಹನೆಯ ಕೊರತೆಯಿತ್ತು. "ಇಡೀ ಮುಂಬಯಿ ಇದಕ್ಕಾಗಿ ಪಾಳಿ ಹಚ್ಚಿ ನಿಲ್ಲತೈತಿ, ನಿಮಗಷ್ಟೇ ಸೇರೂದಿಲ್ಲ!" ಎಂದುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಪ್ಪ ಮಾತಾಡಲಿಲ್ಲ, ತಾಟನ್ನು ಪೂರ್ತಿ ಖಾಲಿ ಮಾಡಿದರು. ಆ ಖಾಲಿ ತಾಟು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಮರುದಿನ ರಾತ್ರಿ "ಹಸಿವಿಲ್ಲ" ಎಂದು ಮಾತ್ರೆಯನ್ನಷ್ಟೇ ನುಂಗಿ ಮಲಗಿದರು. ನಡುರಾತ್ರಿ ಎದ್ದವರು ಗೋಡೆ ಹಿಡಿದು ನಿಂತರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಸಕ್ಕರೆಯ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆಂದು ಡಾಕ್ಟರು ಎಚ್ಚರಿಸಿದ್ದು ಹೆಂಡತಿಗೆ ನೆನಪಿತ್ತು. ಬೆಲ್ಲದ ನೀರು ಕುಡಿಸಿದಳು, ಬೆಳಗಾಗುತ್ತಲೇ ಡಾಕ್ಟರಿಗೆ ತಿಳಿಸಿದಳು. ನಾನು ಮಾತ್ರ ಬೆಳಗಿನ ತನಕ ಅಪ್ಪನ ಕಾಲ ಬಳಿ ಕುಳಿತಿದ್ದೆ. ಮುಂಬಯಿಯಲ್ಲಿ ಒಂದು ಜೋಳದ ರೊಟ್ಟಿ ಹುಡುಕುವುದು ಅಂದಿನಿಂದ ನನಗೆ ಬಾಯಿಚಪಲದ ಮಾತಾಗಿ ಉಳಿಯಲಿಲ್ಲ.

ಹುಡುಕತೊಡಗಿದಾಗ ಗೊತ್ತಾಯಿತು, ಈ ಪಟ್ಟಣದಲ್ಲಿ ಊಟದ ಬಗ್ಗೆ ನನಗೆ ಗೊತ್ತಿದ್ದದ್ದು ಎಷ್ಟು ಕಡಿಮೆ ಎಂದು. ಫೋನಿನ ನಕಾಶೆಯಲ್ಲಿ ನಕ್ಷತ್ರ ಹೊತ್ತ ಹೊಟೇಲುಗಳು ಬೇಕಾದಷ್ಟಿದ್ದವು. ನಮ್ಮ ಸಯನ್ನಿನ ಮಗ್ಗುಲಿಗೇ ಕೋಳಿವಾಡವಿದೆ. ಅಲ್ಲಿ ಮೊದಲಿನಿಂದ ಇದ್ದವರು ಮೀನುಗಾರ ಕೋಳಿಗಳು. 1947ರ ವಿಭಜನೆಯ ಬಳಿಕ ಬಂದು ನೆಲಸಿದವರು ಪಂಜಾಬಿ ನಿರಾಶ್ರಿತರು. ಇವರ ಕಡಲೆಹಿಟ್ಟು, ಅವರ ಸೀಗಡಿ ಎರಡೂ ಕೂಡಿ 'ಕೋಳಿವಾಡಾ' ಎಂಬ ಹೊಸ ಖಾದ್ಯವೇ ಹುಟ್ಟಿತು. ಊರು ಬಿಟ್ಟು ಬಂದವರ ಬಾಣಲೆ ಹೀಗೆ ಮುಂಬಯಿಗೆ ಹೆಸರು ತಂದುಕೊಟ್ಟಿದೆ. ಆದರೆ ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಮಂದಿ ರೊಟ್ಟಿಯನ್ನು ತಮ್ಮ ಮಟ್ಟಿಗೆ ಬಡಿದುಕೊಂಡು ಉಣ್ಣುತ್ತಾರೆ, ಅಂಗಡಿ ಇಡುವುದಿಲ್ಲ.

ಅದಕ್ಕೂ ಕಾರಣ ರೊಟ್ಟಿಯ ಗುಣದಲ್ಲಿಯೇ ಇದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಹೊಸದಾಗಿ ಬೀಸಿದ್ದಾಗಿರಬೇಕು; ಕುದಿಯುವ ಎಸರಿನಲ್ಲಿ ನಾದಬೇಕು; ಒಂದೊಂದನ್ನೂ ಕೈಯಿಂದ ಬಡಿದು, ಹಂಚಿನ ಮೇಲೆ ನೀರು ಸವರಿ, ತಿರುವಿ, ಉಬ್ಬಿಸಬೇಕು. ಹಿಟ್ಟು ಹಳತಾದರೆ ಜಿಗಿ ಹೋಯಿತು, ರೊಟ್ಟಿ ಒಡೆಯಿತು. ನನ್ನ ಹೆಂಡತಿಯ ಪೊಟ್ಟಣದ ಹಿಟ್ಟಿಗೆ ಆದದ್ದು ಇದೇ. ದೋಸೆಯ ಹಿಟ್ಟಿನಂತೆ ಮುಂಚಿತವಾಗಿ ಮಾಡಿಟ್ಟು ನೂರು ಜನರನ್ನು ಸುಧಾರಿಸುವ ಪದಾರ್ಥವಲ್ಲ ಇದು. ರೊಟ್ಟಿಗೆ ಬೇಕಾದದ್ದು ಹೊಟೇಲಿಗಿಂತ ಹೆಚ್ಚಾಗಿ ಒಬ್ಬರ ಕೈ.

ಆ ಕೈಯ ವಿಳಾಸ ಹೇಳಿದವರು ನಮ್ಮ ಆಫೀಸಿನ ಜವಾನರು, ಸಾತಾರೆಯ ಕಡೆಯ ಹಿರಿಯರು. "ಭಾಕರಿ ಬೇಕಾದರೆ ಹೊಟೇಲಿಗೆ ಯಾಕೆ ಹೋಗುತ್ತೀರಿ? ಪೋಳಿ-ಭಾಜಿ ಕೇಂದ್ರಕ್ಕೆ ಹೋಗಿ" ಎಂದರು. ಹನ್ನೊಂದು ವರ್ಷದಿಂದ ಆ ಬೋರ್ಡುಗಳನ್ನು ದಾಟಿಕೊಂಡು ಸ್ಟೇಶನ್ನಿಗೆ ನಡೆದಿದ್ದೇನೆ. ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಸಂಜೆ ಕೆಲಸದಿಂದ ಮರಳುವ ಹೆಂಗಸರು ಗಂಡಸರು ಪೋಳಿ, ಭಾಕರಿ, ಪಲ್ಯ ಕಟ್ಟಿಸಿಕೊಂಡು ಹೋಗುವ ಪುಟ್ಟ ಅಂಗಡಿಗಳು ಅವು. ಕೂಡ್ರಲು ಮೇಜಿಲ್ಲ, ನಕ್ಷತ್ರವೂ ಇಲ್ಲ.

ಅಪ್ಪನ ಕೈ ಹಿಡಿದು ನಮ್ಮ ಮಾರ್ಕೆಟಿನ ಹಿಂದಿನ ಗಲ್ಲಿಗೆ ಹೋದೆ. ಅಪ್ಪನಿಗೆ ಬೋರ್ಡು ಕಾಣುತ್ತಿರಲಿಲ್ಲ. ಆದರೆ ಅಂಗಡಿ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ನಿಂತುಬಿಟ್ಟರು. "ಬಡಿಯೂ ಸಪ್ಪಳಾ ಕೇಳಿದೇನು?" ಎಂದರು. ಒಳಗೆ ಪಟಪಟನೆ ಹಿಟ್ಟು ಬಡಿಯುವ ಸದ್ದು. ಒಲೆಯ ಮುಂದಿನ ಹೆಣ್ಣುಮಗಳು ತಲೆ ಎತ್ತದೆಯೇ ಎಷ್ಟು ಬೇಕೆಂದು ಮರಾಠಿಯಲ್ಲಿ ಕೇಳಿದಳು. ಅಪ್ಪ ಅಚ್ಚ ಕನ್ನಡದಲ್ಲಿ, "ಎರಡು ಸಾಕು ಯವ್ವಾ" ಎಂದರು. ಆಕೆಯ ಕೈ ನಿಂತಿತು. "ಯಾವೂರ್ರಿ ಯಪ್ಪಾ ನಿಮ್ಮದು?"

ಆಕೆ ಅಕ್ಕಲಕೋಟೆ ತಾಲೂಕಿನವಳು. ಸೊಲ್ಲಾಪುರ ಜಿಲ್ಲೆಯಾದರೂ ಮನೆಮಾತು ಕನ್ನಡ; ಆ ಸೀಮೆಯಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಒಂದು ಡಬ್ಬಿಯನ್ನು ಬೋರಲು ಹಾಕಿ ಅಪ್ಪನನ್ನು ಕೂರಿಸಿದಳು. ಹಂಚಿನಿಂದ ಇಳಿದ ರೊಟ್ಟಿ, ಅದರ ಮೇಲೆ ಝುಣಕ, ಬದಿಗೆ ಶೇಂಗಾ ಹಿಂಡಿ. ಎರಡು ಸಾಕೆಂದವರು ಮೂರು ತಿಂದರು. ನಾನು ಗಲ್ಲಿಯ ಕಡೆ ಮುಖ ಮಾಡಿ ನಿಂತುಕೊಂಡೆ.

ಅಂದಿನಿಂದ ತಿಂಗಳ ಲೆಕ್ಕ ಗೊತ್ತುಮಾಡಿದೆವು. ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದ ಅಳತೆಗೆ ಊಟ. ಇಡೀ ಪಟ್ಟಣದಲ್ಲಿ ಕನ್ನಡದ ಊಟವನ್ನು ಕನ್ನಡದ ಬೋರ್ಡಿನ ಕೆಳಗೆ ಹುಡುಕಿದ್ದೇ ನನ್ನ ತಪ್ಪು. ನಮ್ಮ ಜುನಕವೇ ಅವರ ಝುಣಕಾ. ನಮ್ಮ ಎಣಗಾಯಿಗೆ ಅವರು ಭರಲೀ ವಾಂಗೀ ಎನ್ನುತ್ತಾರೆ. ನಮ್ಮ ಪುಂಡಿಪಲ್ಯ ಅವರ ಅಂಬಾಡಿ. ಹಿಂಗಾರಿಯ ಮಾಲದಂಡಿ ಜೋಳ ರಾಜ್ಯದ ಗಡಿ ಕೇಳಿ ಬೆಳೆಯುವುದಿಲ್ಲ. ಅದು ಕರಿಮಣ್ಣನ್ನು ಕೇಳುತ್ತದೆ.

ಊಟದ ಮನೆಗೆ ಇರುವ ಹೆಸರೂ ಒಂದೇ. ನಮ್ಮ ಕಡೆ ಖಾನಾವಳಿ, ಅವರ ಕಡೆ ಖಾಣಾವಳ. ಪರೇಲ, ಲಾಲಬಾಗದ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಸಾವಿರಾರು ಕೆಲಸಗಾರರಿಗೆ ಅನ್ನ ಹಾಕಿದವರು ಚಾಳಿನ ಒಂದೊಂದು ಕೋಣೆಯಲ್ಲಿ ಖಾನಾವಳಿ ನಡೆಸಿದ ಹೆಣ್ಣುಮಕ್ಕಳು. ಕಿರಾಣಿಯ ಸಾಲದಲ್ಲಿ ಮುಳುಗುತ್ತಿದ್ದ ಅವರನ್ನು ಒಗ್ಗೂಡಿಸಿ, ಬ್ಯಾಂಕಿನ ಸಾಲ ಕೊಡಿಸಲು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಖಾನಾವಳಿಗಳ ಪಂಕ್ತಿಯೂ ಕರಗಿತು. ಇಂದಿನ ಪೋಳಿ-ಭಾಜಿ ಕೇಂದ್ರದ ಒಲೆಯ ಮುಂದೆ ಕುಳಿತವಳು ಅದೇ ಮನೆತನದವಳೆಂದು ನನ್ನ ಎಣಿಕೆ.

ಆದ್ದರಿಂದ ಊಟದ ಮನೆ ಹುಡುಕುವವರಿಗೆ ನನ್ನ ಹೊಸ ಉತ್ತರ ಹೀಗಿದೆ. ಹೊಸ ಊರಿನಲ್ಲಿ ಮೊದಲು ಫೋನನ್ನಲ್ಲ, ಜವಾನರನ್ನು ಕೇಳಿರಿ. ಅಂಚೆಯವರನ್ನು, ಟ್ಯಾಕ್ಸಿಯವರನ್ನು ಕೇಳಿರಿ. "ಒಳ್ಳೆಯ ಹೊಟೇಲು ಯಾವುದು?" ಎಂದು ಕೇಳಬೇಡಿರಿ, ಅವರು ನಿಮ್ಮ ಅಂಗಿ ನೋಡಿ ದುಬಾರಿಯದನ್ನು ತೋರಿಸುತ್ತಾರೆ. "ನೀವು ದಿನಾಲು ಎಲ್ಲಿ ಉಣ್ಣುತ್ತೀರಿ?" ಎಂದು ಕೇಳಿರಿ. ಅಲ್ಲಿ ನಾಲ್ಕೇ ಪದಾರ್ಥವಿದ್ದರೆ ಒಳಗೆ ಹೋಗಿರಿ. ಮೂರು ಗಂಟೆಗೆ "ಮುಗಿಯಿತು" ಎನ್ನುವ ಅಂಗಡಿಯನ್ನು ನಂಬಿರಿ. ನಿನ್ನೆಯದನ್ನು ಅದು ಇಂದು ಬಡಿಸುವುದಿಲ್ಲ. ಮಾಟುಂಗದ ದೋಸೆಯನ್ನಂತೂ ಬಿಡಬೇಡಿರಿ, ನಾನೂ ಬಿಟ್ಟಿಲ್ಲ. ಆದರೆ ಬಂದ ಅತಿಥಿಗೆ ಬೇಕಾದದ್ದು ನಾಷ್ಟವೋ ಊಟವೋ ಎಂಬುದನ್ನು ಮೊದಲು ಕೇಳಿಕೊಳ್ಳಿರಿ.

ಅಪ್ಪನ ಸಕ್ಕರೆ ಹಿಡಿತಕ್ಕೆ ಬಂತು. ಒಂದು ಕಣ್ಣಿನ ಶಸ್ತ್ರಕ್ರಿಯೆಯೂ ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ಮೂರನೆಯ ದಿನ ಆ ಗಲ್ಲಿಗೆ ಹೋದಾಗ ಅಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡಿದರು. "ಒಂಚೂರು ದಪ್ಪ ಆಗೇದ ಯವ್ವಾ" ಎಂದರು. ನನಗೆ ನಾಚಿಕೆಯಾಯಿತು, ಆಕೆ ನಕ್ಕಳು. ಅಪ್ಪ ನನ್ನ ಕಡೆ ತಿರುಗಿ, "ನಿಮ್ಮವ್ವ ಇದಕ್ಕಿಂತ ತೆಳ್ಳಗ ಬಡೀತಿದ್ದಳು" ಎಂದರು. ವರ್ಷವಾದ ಮೇಲೆ ಅವ್ವನ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಮನೆಯ ದಾರಿಯುದ್ದಕ್ಕೂ ಅವಳ ಮಾತನ್ನೇ ಆಡಿದರು.

ಈಗ ಅಪ್ಪ ಊರಲ್ಲಿದ್ದಾರೆ. ಇನ್ನೊಂದು ಕಣ್ಣಿಗಾಗಿ ದೀಪಾವಳಿಯ ಬಳಿಕ ಬರುತ್ತಾರೆ. ಹೆಂಡತಿ ಶನಿವಾರಕ್ಕೊಮ್ಮೆ ಆ ಅಂಗಡಿಗೆ ಹೋಗಿ ಬಡಿಯುವುದನ್ನು ಕಲಿಯುತ್ತಿದ್ದಾಳೆ. ರೊಟ್ಟಿ ಈಗ ಎರಡೇ ತಾಲೂಕಾಗಿ ಒಡೆಯುತ್ತದೆ. ಸುಗ್ಗಿ ಮುಗಿದೊಡನೆ ಊರಿನಿಂದ ಸೊಲ್ಲಾಪುರದ ಮೇಲೆ ಹಾಯ್ದು ಬರುವ ಗಾಡಿಯಲ್ಲಿ ಪರಿಚಯದವರ ಕೈಗೆ ಒಂದು ಚೀಲ ಬಿಳಿಜೋಳ ಬಂತು. ಚೀಟಿಯಲ್ಲಿ ಹೀಗೆ ಬರೆಸಿದ್ದರು: ಅರ್ಧ ನಿಮಗ, ಅರ್ಧ ಆಕಿಗೆ.